ಕುದುರೆಯ ಗಿಣ್ಣದ ಹಾಲು: ಮೊದಲ ಆರು ತಾಸಿನ ಪರೀಕ್ಷೆ

ರಾಯಚೂರು ಸೀಮೆಯಲ್ಲಿ ಎಮ್ಮೆ ಈದ ಮನೆಯಿಂದ ತಂಬಿಗೆ ತುಂಬ ಗಿಣ್ಣದ ಹಾಲು ಬಂದರೆ ಅದಕ್ಕೆ ಬೆಲ್ಲ, ಏಲಕ್ಕಿ ಬೀಳುವುದು ಖಚಿತ. ಕುದುರೆ ಈದರೆ ಯಾರ ಮನೆಗೂ ತಂಬಿಗೆ ಹೋಗುವುದಿಲ್ಲ. ಹಂಚುವಷ್ಟು ಹಾಲೂ ಅಲ್ಲಿರುವುದಿಲ್ಲ. ಎತ್ತರದ ರೇಸ್ ಕುದುರೆಗೂ ಗಿಣ್ಣವೆಂದು ಸಿಗುವುದು ಒಂದೆರಡು ಲೀಟರ್, ಬಹಳವೆಂದರೆ ಇನ್ನೊಂದಿಷ್ಟು. ಹೇರು ಹೊರುವ ನಮ್ಮ ತಟ್ಟುಗಳಿಗೆ ಅದಕ್ಕಿಂತ ಕಡಿಮೆ. ಒಂದು ಸಲ ಹರಿದು ಹೋದರೆ ಆ ಬಸಿರಿಗೆ ಮತ್ತೆ ಹುಟ್ಟುವುದಿಲ್ಲ.

ಈ ಬರಹ ಯಾರಿಗೆ ಎಂದು ಮೊದಲೇ ಹೇಳಿಬಿಡುತ್ತೇನೆ. ರಾಯಚೂರು ನಗರದಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕಟ್ಟುವವರಿಗೆ, ಮತ್ತು ಸುಗ್ಗಿ ಮುಗಿದ ಮೇಲೆ ಮಾನ್ವಿಯ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲೋ, ದೇವದುರ್ಗದ ನಾರಾಯಣಪುರ ಬಲದಂಡೆ ಕಾಲುವೆಯ ಹೊಲಗಳಲ್ಲೋ ಕುರಿ ನಿಲ್ಲಿಸಿಕೊಂಡು ಊರಿಂದೂರಿಗೆ ನಡೆಯುವ ಕುರಿಗಾರರಿಗೆ. ಕಂಬಳಿ, ಬಲೆ, ಪಾತ್ರೆ, ನಡೆಯಲಾರದ ಕುರಿಮರಿ ಎಲ್ಲವೂ ಕುದುರೆಯ ಬೆನ್ನ ಮೇಲೆ. ಆ ಕುದುರೆಯೇ ಗಬ್ಬವಿದ್ದರೆ ಏನು ಮಾಡಬೇಕೆಂದು ಹೇಳುವವರು ಕಡಿಮೆ. 2019ರ ಜಾನುವಾರು ಗಣತಿಯಲ್ಲಿ ಇಡೀ ದೇಶದ ಕುದುರೆ, ತಟ್ಟುಗಳ ಸಂಖ್ಯೆ ಸುಮಾರು 3.4 ಲಕ್ಷಕ್ಕೆ ಇಳಿದಿತ್ತು. ಏಳು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕುಸಿತ. ಕುದುರೆ ಕಡಿಮೆಯಾದಂತೆ ಅದರ ಬಾಣಂತನ ಕಂಡವರೂ ಕಡಿಮೆಯಾದರು. ಉಳಿದವರು ಆಕಳು, ಎಮ್ಮೆಗೆ ಮಾಡುವುದನ್ನೇ ಕುದುರೆಗೂ ಮಾಡುತ್ತಾರೆ.

ಅದರಲ್ಲಿ ಒಂದು ರೂಢಿಯಂತೂ ಕೇಡಿನದು. "ಕಸ ಬೀಳೋತನಕ ಮೊಲಿ ಕುಡಿಸಬ್ಯಾಡ್ರಿ" ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಕರುವಿಗೇ ತಪ್ಪಾದ ಈ ಮಾತು ಕುದುರೆ ಮರಿಯ ಜೀವಕ್ಕೇ ಮುಳುವಾಗಬಹುದು. ಕುದುರೆಯ ಕಸದ, ಅಂದರೆ ಮಾಸಿನ, ಪದರಗಳು ಎಷ್ಟು ದಪ್ಪವೆಂದರೆ ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು ಹೊಟ್ಟೆಯಲ್ಲಿರುವ ಮರಿಗೆ ದಾಟುವುದೇ ಇಲ್ಲ. ಮರಿ ಹುಟ್ಟುವುದು ರೋಗ ತಡೆಯುವ ಬಂಡವಾಳವಿಲ್ಲದೆ. ಅದು ಸಿಗುವುದು ಗಿಣ್ಣದಿಂದ ಮಾತ್ರ. ಅದನ್ನು ಒಳಗೆ ಬಿಟ್ಟುಕೊಳ್ಳುವ ಕರುಳಿನ ಬಾಗಿಲೂ ತಾಸು ತಾಸಿಗೆ ಮುಚ್ಚುತ್ತ ಬರುತ್ತದೆ. ಮೊದಲ ಆರು ತಾಸು ಚೆನ್ನಾಗಿ ತೆರೆದಿರುತ್ತದೆ, 24 ತಾಸಿನ ಹೊತ್ತಿಗೆ ಮುಚ್ಚಿದಂತೆಯೇ. ಆಮೇಲೆ ಎಂಥ ಗಿಣ್ಣ ಕುಡಿಸಿದರೂ ಅದು ಹೊಟ್ಟೆ ತುಂಬಿಸುವ ಹಾಲು ಮಾತ್ರ.

ಹೀಗಾಗಿ ಪರೀಕ್ಷೆ ಎಂದರೆ ಎರಡು ಪ್ರಶ್ನೆ. ತಾಯಿಯ ಗಿಣ್ಣದಲ್ಲಿ ಬೇಕಾದಷ್ಟು ಪ್ರತಿಕಾಯ ಇದೆಯೇ? ಇದ್ದದ್ದು ಮರಿಯ ರಕ್ತ ಸೇರಿತೇ?

ಹಂತ 1: ಸಾಮಾನು ಮೊದಲೇ ಜೋಡಿಸಿಕೊಳ್ಳಿ

ಮುಖ್ಯವಾಗಿ ಬೇಕಾದ್ದು ಬ್ರಿಕ್ಸ್ ರಿಫ್ರ್ಯಾಕ್ಟೋಮೀಟರ್. ಹೆಸರು ಕೇಳಿ ಹೆದರಬೇಡಿ. ದ್ರಾಕ್ಷಿ, ದಾಳಿಂಬೆ ಬೆಳೆಯುವವರು ಹಣ್ಣಿನ ಸಿಹಿ ನೋಡಲು, ಸಕ್ಕರೆ ಕಾರ್ಖಾನೆಯವರು ಕಬ್ಬಿನ ರಸ ನೋಡಲು ಬಳಸುವ, ಗೇಣುದ್ದದ ದುರ್ಬೀನಿನಂಥ ಅದೇ ಸಾಧನ. 0ಯಿಂದ 32ರವರೆಗೆ ಗೆರೆಗಳಿರುವುದು ಸಾಕು. ಕೊಳ್ಳಲಾಗದಿದ್ದರೆ ತೋಟದವರಿಂದ ಎರಡು ದಿನದ ಮಟ್ಟಿಗೆ ಕೇಳಿ ತನ್ನಿ.

ಹಾಲಿನ ಡೇರಿಯ ಲ್ಯಾಕ್ಟೋಮೀಟರ್ ಸಾಲದೇ ಎಂದು ಬಹಳ ಜನ ಕೇಳುತ್ತಾರೆ. ಸಾಲದು. ಅದರ ಗೆರೆಗಳು 40ರ ಸುಮಾರಿಗೆ, ಅಂದರೆ 1.040 ಸಾಂದ್ರತೆಗೆ ಮುಗಿದುಹೋಗುತ್ತವೆ. ಕುದುರೆಯ ಒಳ್ಳೆಯ ಗಿಣ್ಣ ಇರುವುದು 1.060 ಮತ್ತು ಅದಕ್ಕಿಂತ ಮೇಲೆ. ತೇಲಿಸಿ ನೋಡಲು ಹಾಲೂ ಲೋಟಗಟ್ಟಲೆ ಬೇಕು. ರಿಫ್ರ್ಯಾಕ್ಟೋಮೀಟರಿಗೆ ಎರಡು ಹನಿ ಸಾಕು.

ಇದಲ್ಲದೆ ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಬಾಟಲಿ, ಕುದಿಸಿ ಒಣಗಿಸಿದ ಸಣ್ಣ ಸ್ಟೀಲ್ ಲೋಟ, ಮೆತ್ತನೆಯ ಹತ್ತಿ ಬಟ್ಟೆ, ಮೊಬೈಲ್ ಟಾರ್ಚ್. ಟಾರ್ಚ್ ಯಾಕೆಂದರೆ ಕುದುರೆಗಳು ಬಹುತೇಕ ಈಯುವುದೇ ರಾತ್ರಿ ಹೊತ್ತು, ಸುತ್ತ ಯಾರೂ ಇಲ್ಲದಾಗ. ಒಂದು ವಾರ ಕಾದವರು ಚಹಾ ಕುಡಿಯಲು ಎದ್ದು ಹೋದ ಹತ್ತು ನಿಮಿಷದಲ್ಲಿ ಅದು ಕೆಲಸ ಮುಗಿಸಿರುತ್ತದೆ.

ಹಂತ 2: ಈಯುವ ಮೊದಲಿನ ತಿಂಗಳು

ಗಿಣ್ಣದ ಗುಣ ನಿರ್ಧಾರವಾಗುವುದು ಈಯುವ ರಾತ್ರಿಯಲ್ಲ. ಕುದುರೆಯ ಗಬ್ಬ ಸುಮಾರು 11 ತಿಂಗಳು, ದಿನದ ಲೆಕ್ಕದಲ್ಲಿ 340ರ ಆಸುಪಾಸು. ಅದರ ಕೊನೆಯ ಎರಡು-ನಾಲ್ಕು ವಾರಗಳಲ್ಲಿ ತಾಯಿಯ ರಕ್ತದಿಂದ ಪ್ರತಿಕಾಯಗಳು ಕೆಚ್ಚಲಿಗೆ ಇಳಿದು ಶೇಖರವಾಗುತ್ತವೆ. ತಾಯಿ ಯಾವ ಮಣ್ಣಿನಲ್ಲಿ ನಿಂತು, ಯಾವ ನೀರು ಕುಡಿದು, ಯಾವ ರೋಗಾಣುಗಳನ್ನು ಎದುರಿಸಿದ್ದಾಳೋ ಅವಕ್ಕೆ ತಕ್ಕ ಪ್ರತಿಕಾಯ ಅಲ್ಲಿರುತ್ತದೆ.

ಅಲೆಯುವ ಕುರಿಗಾರರಿಗೆ ಇದೇ ಕಷ್ಟದ ಜಾಗ. ಕೃಷ್ಣೆಯ ದಂಡೆಯಲ್ಲಿ ತಿಂಗಳಿದ್ದು, ಈಯುವ ವಾರಕ್ಕೆ ಮಾನ್ವಿ ಕಡೆಯ ಗದ್ದೆಗೆ ಬಂದರೆ, ಮರಿ ಹುಟ್ಟುವ ನೆಲದ ಕೆಲವು ರೋಗಾಣುಗಳ ಪರಿಚಯವೇ ತಾಯಿಗೆ ಇರುವುದಿಲ್ಲ. ರಿಫ್ರ್ಯಾಕ್ಟೋಮೀಟರ್ ತೋರಿಸುವುದು ಎಷ್ಟಿದೆ ಎಂಬುದನ್ನು ಮಾತ್ರ, ಯಾವ ರೋಗಕ್ಕೆ ಎಂಬುದನ್ನಲ್ಲ. ಆಗುವುದಾದರೆ ಗಬ್ಬದ ಕುದುರೆಯನ್ನು ಕೊನೆಯ ಒಂದೂವರೆ ತಿಂಗಳು ಒಂದೇ ಜಾಗದಲ್ಲಿ, ಪರಿಚಯದವರ ಹೊಲದಲ್ಲೋ ಊರಲ್ಲೋ ಬಿಡಿ. ಹೇರಿಗೆ ಬೇರೆ ಕುದುರೆ ಹೊಂದಿಸಿಕೊಳ್ಳಿ. ಇದು ಹೇಳಿದಷ್ಟು ಸುಲಭವಲ್ಲ ಎಂಬುದು ನನಗೆ ಗೊತ್ತಿದೆ. ಹಿಂಡು ಮೇವಿನ ಹಿಂದೆ ಹೋಗುತ್ತದೆ, ಕುದುರೆ ಹಿಂಡಿನ ಹಿಂದೆ.

ಇನ್ನೊಂದು ಕೆಲಸ ಎಲ್ಲರಿಗೂ ಸಾಧ್ಯ. ಈಯುವುದಕ್ಕೆ ನಾಲ್ಕರಿಂದ ಆರು ವಾರ ಮುಂಚೆ ಪಶುವೈದ್ಯರಿಂದ ಧನುರ್ವಾಯುವಿನ ಲಸಿಕೆ ಹಾಕಿಸಿ. ಕುದುರೆ ಜಾತಿಗೆ ಧನುರ್ವಾಯು ಬಹಳ ಬೇಗ ತಗಲುವ ರೋಗ. ಈ ಹೊತ್ತಿಗೆ ಹಾಕಿದ ಲಸಿಕೆಯ ಫಲ ಗಿಣ್ಣದ ಮೂಲಕ ಮರಿಗೂ ಸಿಗುತ್ತದೆ.

ಕೊನೆಯ ವಾರ ದಿನಕ್ಕೆರಡು ಸಲ ಕೆಚ್ಚಲು ನೋಡಿ. ಮೊಲೆತೊಟ್ಟಿನ ತುದಿಯಲ್ಲಿ ಮೇಣದಂಥ ಹಳದಿ ಹನಿ ಗಟ್ಟಿಯಾಗಿ ಕೂತಿದ್ದರೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ದಿನದಲ್ಲಿ ಈಯುತ್ತದೆ. ಮೇಣದ ಹನಿ ಬೇರೆ, ಹಾಲು ಸೋರುವುದು ಬೇರೆ. ಹಿಂಗಾಲಿನ ಒಳಬದಿ ಹಾಲು ಹರಿದು ಒಣಗಿದ ಗೆರೆ ಕಂಡರೆ, ನೊಣ ಮುತ್ತುತ್ತಿದ್ದರೆ, ಮರಿಯ ಪಾಲು ನೆಲದ ಪಾಲಾಗುತ್ತಿದೆ ಎಂದು ತಿಳಿಯಿರಿ. ಅಂಥ ಕುದುರೆಗೆ ಪರೀಕ್ಷೆ ಮಾಡದೆ ಬಿಡಲೇಬಾರದು. ಜೊತೆಗೆ ಬೇರೆ ಕುದುರೆಯ ಗಿಣ್ಣ ಎಲ್ಲಿ ಸಿಗುತ್ತದೆಂದು ಅಂದೇ ವಿಚಾರಿಸಿ ಇಟ್ಟುಕೊಳ್ಳಿ.

ಹಂತ 3: ಮಾದರಿ ತೆಗೆಯುವುದು

ಮರಿ ಬಿದ್ದ ಮೇಲೆ ಗಡಿಬಿಡಿ ಬೇಡ. ತಾಯಿ ಮರಿಯನ್ನು ಮೂಸಿ ನೆಕ್ಕಲಿ. ನೆನಪಿಗೊಂದು ಲೆಕ್ಕ: ಒಂದು ತಾಸಿನೊಳಗೆ ಮರಿ ಎದ್ದು ನಿಲ್ಲಬೇಕು, ಎರಡು ತಾಸಿನೊಳಗೆ ಮೊಲೆ ಹಿಡಿಯಬೇಕು, ಮೂರು ತಾಸಿನೊಳಗೆ ಕಸ ಬೀಳಬೇಕು. ಮೂರು ದಾಟಿದರೂ ಕಸ ಬೀಳದಿದ್ದರೆ ವೈದ್ಯರನ್ನು ಕರೆಯಿರಿ, ಕೈಯಿಂದ ಎಳೆಯಬೇಡಿ. ಎಮ್ಮೆಯಲ್ಲಿ ಮರುದಿನದವರೆಗೆ ಕಾದು ನೋಡುವ ಧೈರ್ಯ ಕುದುರೆಯಲ್ಲಿ ಬೇಡ, ಗರ್ಭಕೋಶದ ಸೋಂಕು ಇದರಲ್ಲಿ ಬೇಗ ಏರುತ್ತದೆ.

ಮರಿ ಎದ್ದು ತಡವರಿಸುತ್ತಿರುವ ಹೊತ್ತೇ ಮಾದರಿ ತೆಗೆಯುವ ಹೊತ್ತು. ಅದು ಮೊದಲ ಗುಟುಕು ಕುಡಿಯುವ ಮುನ್ನವೇ ತೆಗೆಯಬೇಕು. ಕುಡಿಯಲು ಶುರು ಮಾಡಿದ ಮೇಲೆ ಹೊಸ ಹಾಲು ಬೆರೆತು ಅಂಕಿ ಇಳಿಯುತ್ತ ಹೋಗುತ್ತದೆ, ನಿಮಗೆ ಸಿಗುವುದು ಸುಳ್ಳು ಲೆಕ್ಕ.

ಕುದುರೆಗೆ ಪರಿಚಯದವರೊಬ್ಬರು ಮುಖದ ಹಗ್ಗವೋ ಲಗಾಮೋ ಹಿಡಿದು ತಲೆಯ ಹತ್ತಿರ ನಿಲ್ಲಲಿ. ಹಾಲು ಕರೆಯುವವರು ಅದೇ ಬದಿಯಲ್ಲಿ, ಹೊಟ್ಟೆಗೆ ಭುಜ ತಾಗಿಸಿ, ಮುಖ ಬಾಲದ ಕಡೆ ಮಾಡಿ ನಿಲ್ಲಬೇಕು. ಎಮ್ಮೆಯ ಹತ್ತಿರ ಕೂತಂತೆ ಕುಕ್ಕರಗಾಲಲ್ಲಿ ಕೂರಬೇಡಿ. ಚೊಚ್ಚಲ ಕುದುರೆಗೆ ಕೆಚ್ಚಲು ಮುಟ್ಟಿದರೆ ನೋವು, ಒದ್ದರೆ ಏಳಲು ಹೊತ್ತು ಸಿಗುವುದಿಲ್ಲ.

ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಹಿಂಡಿ ಕೆಚ್ಚಲು ಒರೆಸಿ, ಒಣ ಬಟ್ಟೆಯಿಂದ ಇನ್ನೊಮ್ಮೆ. ಕುದುರೆಗೆ ಮೊಲೆ ಎರಡೇ, ಒಂದೊಂದರಲ್ಲಿ ಸಾಮಾನ್ಯವಾಗಿ ಎರಡು ರಂಧ್ರ. ಹೆಬ್ಬೆರಳು, ತೋರುಬೆರಳಲ್ಲಿ ಮೆಲ್ಲಗೆ ಹಿಂಡಿ ಮೊದಲ ಎರಡು ಧಾರೆ ನೆಲಕ್ಕೆ ಬಿಡಿ, ತುದಿಯ ಕೊಳೆ ಹೋಗಲಿ. ಆಮೇಲೆ ಎರಡೂ ಮೊಲೆಯಿಂದ ಒಂದೊಂದು ಚಮಚೆಯಷ್ಟು ಲೋಟಕ್ಕೆ. ಅಷ್ಟೇ. ಇನ್ನಷ್ಟು ಬೇಡ, ಅದು ಮರಿಯ ಆಸ್ತಿ.

ಹಂತ 4: ಕಣ್ಣಿನ ಪರೀಕ್ಷೆ, ಅದರ ಮಿತಿ

ಲೋಟವನ್ನು ಬೆಳಕಿಗೆ ಹಿಡಿಯಿರಿ. ಒಳ್ಳೆಯ ಗಿಣ್ಣ ಜೇನಿನ ಹಾಗೆ ಹಳದಿ, ಬೆರಳಿಗೆ ಅಂಟು. ತೆಳ್ಳಗೆ, ನೀಲಿ ಛಾಯೆಯ ಬಿಳಿ, ಅಥವಾ ಅಕ್ಕಿ ತೊಳೆದ ನೀರಿನಂತಿದ್ದರೆ ಅನುಮಾನ ಪಡಿ. "ಮಂದ ಅದ, ಛೊಲೊ ಅದ" ಎಂದು ಹಿರಿಯರು ಹೇಳುವುದು ಅನೇಕ ಸಲ ಸರಿಯೇ ಇರುತ್ತದೆ. ಆದರೆ ಬಣ್ಣ ಹಳದಿಯಿದ್ದೂ ಪ್ರತಿಕಾಯ ಕಡಿಮೆಯಿರುವುದುಂಟು, ಬಣ್ಣ ಪೇಲವವಾಗಿಯೂ ಗಟ್ಟಿ ಗಿಣ್ಣ ಇರುವುದುಂಟು. ಕಣ್ಣು ಹೇಳಿದ್ದನ್ನು ಬರೆದಿಟ್ಟುಕೊಂಡು ಮೀಟರಿಗೆ ಹೋಗಿ. ಎರಡು-ಮೂರು ಕುದುರೆಗಳಾದ ಮೇಲೆ ನಿಮ್ಮ ಕಣ್ಣು ಎಷ್ಟು ನಂಬಿಕಸ್ತ ಎಂದು ನಿಮಗೇ ಗೊತ್ತಾಗುತ್ತದೆ.

ರಕ್ತದ ಎಳೆ, ಹೆಪ್ಪು, ಕೆಟ್ಟ ವಾಸನೆ ಇದ್ದರೆ ಕೆಚ್ಚಲು ಬಾವು ಇರಬಹುದು. ಅದು ವೈದ್ಯರಿಗೆ ಬಿಟ್ಟದ್ದು.

ಹಂತ 5: ಮೀಟರ್ ಹಿಡಿಯುವುದು

ಮೊದಲು ಶೂನ್ಯ ಸರಿಮಾಡಿ. ಗಾಜಿನ ಮೇಲೆ ಶುದ್ಧ ನೀರಿನ ಎರಡು ಹನಿ ಹಾಕಿ, ಮುಚ್ಚಳ ಇಳಿಸಿ, ಬೆಳಕಿನ ಕಡೆ ಹಿಡಿದು ನೋಡಿ. ಮೇಲೆ ನೀಲಿ, ಕೆಳಗೆ ಬಿಳಿ. ನಡುವಿನ ಗೆರೆ ಸರಿಯಾಗಿ 0 ಮೇಲಿರಬೇಕು. ಇಲ್ಲದಿದ್ದರೆ ಮೇಲಿನ ಸಣ್ಣ ಸ್ಕ್ರೂ ತಿರುಗಿಸಿ. ಬೋರಿನ ನೀರು ಬಳಸಬೇಡಿ, ಅದರ ಉಪ್ಪಿನಂಶವೂ ಲೆಕ್ಕಕ್ಕೆ ಬರುತ್ತದೆ.

ಈ ಸಾಧನಗಳು ಬಿಸಿಯನ್ನು ತಾವೇ ಸರಿದೂಗಿಸಿಕೊಳ್ಳುವುದು ಸಾಮಾನ್ಯವಾಗಿ 10ರಿಂದ 30 ಡಿಗ್ರಿಯವರೆಗೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಅದನ್ನು ಎಲ್ಲಿಗೋ ದಾಟಿ 42ಕ್ಕೂ ಹೋಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಮೀಟರ್, ನೀರು, ಗಿಣ್ಣ ಮೂರನ್ನೂ ನೆರಳಲ್ಲಿ, ಮಣ್ಣಿನ ಹರವಿಯ ಪಕ್ಕ ಕಾಲು ತಾಸು ಇಟ್ಟು ಆಮೇಲೆ ನೋಡಿ. ರಾತ್ರಿಯಾದರೆ ಈ ತಾಪತ್ರಯ ಕಡಿಮೆ. ಟಾರ್ಚ್ ಬೆಳಕು ನೇರ ಕಣ್ಣಿಗೆ ಬಡಿಯದಂತೆ ಬಿಳಿ ಕಾಗದ ಅಡ್ಡ ಹಿಡಿಯಿರಿ.

ನೀರು ಒರೆಸಿ ಗಿಣ್ಣದ ಎರಡು ಹನಿ ಹಾಕಿ. ಗುಳ್ಳೆ ಇರಬಾರದು. ಅರ್ಧ ನಿಮಿಷ ಬಿಟ್ಟು ನೋಡಿ. ಹಣ್ಣಿನ ರಸದಲ್ಲಿ ಕಾಣುವಂತೆ ಗೆರೆ ಚೂಪಾಗಿರುವುದಿಲ್ಲ, ಕೊಬ್ಬಿನಿಂದಾಗಿ ಮಂಜು ಕವಿದಂತೆ ಮಸುಕಾಗಿರುತ್ತದೆ. ಮಸುಕಿನ ನಡುಮಧ್ಯದ ಅಂಕಿ ತೆಗೆದುಕೊಳ್ಳಿ. ಎರಡನೆಯ ಸಲವೂ ನೋಡಿ, ಎರಡೂ ಹತ್ತಿರವಿದ್ದರೆ ಸರಿ. ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ನಲ್ಲಿಯಡಿ ಹಿಡಿಯಬೇಡಿ. ನೀರು ಒಳಗೆ ಹೋದರೆ ತೋಟದವರಿಗೆ ಉತ್ತರ ಹೇಳುವುದು ಕಷ್ಟ.

ಹಂತ 6: ಅಂಕಿಯನ್ನು ಓದುವುದು

30ಕ್ಕೆ ಮೇಲಿದ್ದರೆ ಬಹಳ ಒಳ್ಳೆಯ ಗಿಣ್ಣ, ಲೀಟರಿಗೆ 80 ಗ್ರಾಂಗೂ ಹೆಚ್ಚು ಪ್ರತಿಕಾಯ. 20ರಿಂದ 30ರೊಳಗೆ ಒಳ್ಳೆಯದು, 50ರಿಂದ 80 ಗ್ರಾಂ. 23 ದಾಟಿದರೆ ನಿಶ್ಚಿಂತೆ ಎಂದು ಹಲವು ವೈದ್ಯರು ಲೆಕ್ಕ ಹಿಡಿಯುತ್ತಾರೆ. 15ರಿಂದ 20 ಅಂಚಿನದು: ಮರಿ ಹೆಚ್ಚು ಕುಡಿದರೆ ಪಾರಾಗಬಹುದು, ರಕ್ತ ಪರೀಕ್ಷೆ ಮಾತ್ರ ತಪ್ಪಿಸಬಾರದು. 15ರ ಕೆಳಗೆ ಬಂದರೆ ತಾಯಿಯ ಹಾಲನ್ನಷ್ಟೇ ನಂಬಿ ಕೂರಬೇಡಿ.

ಅಂಕಿ ಒಳ್ಳೆಯದಿದ್ದರೆ ಮುಂದಿನ ಕೆಲಸ ಮರಿಯದು. ಅದು ಕೆಚ್ಚಲ ಬದಲು ಗೋಡೆ ಚೀಪುತ್ತಿದೆಯೇ, ಮೊಲೆ ಹಿಡಿದಾಗ ನುಂಗುವ ಸದ್ದು ಬರುತ್ತಿದೆಯೇ ನೋಡಿ. ಮರಿಯ ಮುಖದ ಮೇಲೆ ಹಾಲು ಚೆಲ್ಲಿದ್ದು, ಕೆಚ್ಚಲು ಬಿಗಿದೇ ಇದ್ದರೆ ಅದು ಕುಡಿದಿಲ್ಲ.

ಹಂತ 7: ಅಂಕಿ ಕಡಿಮೆ ಬಂದರೆ

ಬೇರೆ ಕುದುರೆಯ ಗಿಣ್ಣವೇ ಮೊದಲ ಆಯ್ಕೆ. 50 ಕಿಲೋ ತೂಕದ ದೊಡ್ಡ ಮರಿಗೆ ಒಳ್ಳೆಯ ಗಿಣ್ಣ ಒಂದರಿಂದ ಒಂದೂವರೆ ಲೀಟರ್ ಬೇಕು. ಮರಿಯ ತೂಕ ತಾಯಿಯ ತೂಕದ ಹತ್ತರಲ್ಲೊಂದು ಭಾಗದಷ್ಟಿರುತ್ತದೆ. 250-300 ಕಿಲೋದ ತಟ್ಟಿನ ಮರಿಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ಎಂದಿಟ್ಟುಕೊಳ್ಳಿ. ಒಮ್ಮೆಲೇ ಅಲ್ಲ, ತಾಸಿಗೊಮ್ಮೆ 150 ಮಿಲಿಯಂತೆ, ಮೊದಲ ಆರು ತಾಸಿನೊಳಗೆ ಮುಗಿಯುವಂತೆ. ಬಾಟಲಿಯಲ್ಲಿ ಕುಡಿಸುವಾಗ ಮರಿ ನಿಂತಿರಲಿ ಅಥವಾ ಎದೆ ಊರಿ ಕೂತಿರಲಿ. ತಲೆ ಮೇಲೆತ್ತಿ ಗೊಟ್ಟದಲ್ಲಿ ಸುರಿಯುವಂತೆ ಸುರಿದರೆ ಹಾಲು ಪುಪ್ಪುಸಕ್ಕೆ ಹೋಗುತ್ತದೆ. ಚೀಪುವ ಶಕ್ತಿಯೇ ಇಲ್ಲದ ಮರಿಗೆ ಮೂಗಿನ ನಳಿಕೆ ಬೇಕು, ಅದನ್ನು ವೈದ್ಯರೇ ಹಾಕಬೇಕು. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಿ, ಕುದುರೆ ಮರಿ ಎಂದೂ ಹುಟ್ಟಿ ಎಷ್ಟು ತಾಸಾಯಿತೆಂದೂ ಮೊದಲ ಮಾತಿನಲ್ಲೇ ಹೇಳಿ.

ಆಕಳ ಗಿಣ್ಣ ಕುಡಿಸಬಹುದೇ? ಬೇರೇನೂ ಇಲ್ಲದಿದ್ದರೆ ಕುಡಿಸಬಹುದು. ಆದರೆ ಅದರ ಪ್ರತಿಕಾಯಗಳು ಕುದುರೆಯ ರೋಗಗಳಿಗಾಗಿ ತಯಾರಾದವಲ್ಲ, ಮರಿಯ ರಕ್ತದಲ್ಲಿ ಬೇಗನೆ ಕರಗಿಯೂ ಹೋಗುತ್ತವೆ. ಕುಡಿಸಿದೆವು ಎಂದು ನಿರಾಳವಾಗುವ ಹಾಗಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ತಾಯಿಯ ಗಿಣ್ಣ ಎಷ್ಟೇ ಗಟ್ಟಿಯಿದ್ದರೂ ಕುಡಿಸಬಾರದು. ಹಿಂದಿನ ಮರಿ ಹುಟ್ಟಿದ ಎರಡು-ಮೂರು ದಿನದಲ್ಲಿ ಕಣ್ಣು, ವಸಡು ಹಳದಿಯಾಗಿ ಸತ್ತಿದ್ದರೆ, ತಾಯಿಯ ಪ್ರತಿಕಾಯಗಳೇ ಮರಿಯ ರಕ್ತಕಣಗಳನ್ನು ಒಡೆದಿರುವ ಸಾಧ್ಯತೆ ಇದೆ. ಕತ್ತೆಗೆ ಕೂಡಿಸಿ ಹೇಸರಗತ್ತೆ ಮರಿ ಪಡೆದವರಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಇಂಥ ಚರಿತ್ರೆಯಿದ್ದರೆ ಈಯುವ ಮುಂಚೆಯೇ ವೈದ್ಯರಿಗೆ ತಿಳಿಸಿ.

ಹಂತ 8: ಮರಿಯ ರಕ್ತ

ಹುಟ್ಟಿ 18ರಿಂದ 24 ತಾಸಿನ ನಡುವೆ ಮರಿಯ ಸ್ವಲ್ಪ ರಕ್ತ ತೆಗೆಸಿ. ವೈದ್ಯರ ಬಳಿ ಸಿದ್ಧ ಕಿಟ್ ಇಲ್ಲದಿದ್ದರೂ ಹಳೆಯ, ಅಗ್ಗದ ವಿಧಾನವೊಂದಿದೆ. ರಕ್ತದಿಂದ ಬೇರ್ಪಡಿಸಿದ ಅರ್ಧ ಮಿಲಿ ಸೀರಮ್‌ಗೆ ಶೇ 10ರ ಗ್ಲುಟರಾಲ್ಡಿಹೈಡ್ 50 ಮೈಕ್ರೋಲೀಟರ್ ಬೆರೆಸಿ ಗಡಿಯಾರ ನೋಡುವುದು. 10 ನಿಮಿಷದಲ್ಲಿ ಗಟ್ಟಿಯಾದರೆ ಪ್ರತಿಕಾಯ ಡೆಸಿಲೀಟರಿಗೆ 800 ಮಿಲಿಗ್ರಾಂಗೂ ಹೆಚ್ಚು, ಮರಿ ಗೆದ್ದಿದೆ. ಒಂದು ತಾಸಿನೊಳಗೆ ಗಟ್ಟಿಯಾದರೆ 400ಕ್ಕೆ ಮೇಲೆ, ಅಂದರೆ ಅರೆಬರೆ. ಆಗದೇ ಉಳಿದರೆ ಪ್ರತಿಕಾಯ ಮರಿಗೆ ಸಾಕಷ್ಟು ದಾಟಿಲ್ಲ. ಆಗ ಬಾಯಿಂದ ಏನು ಕೊಟ್ಟರೂ ಪ್ರಯೋಜನವಿಲ್ಲ, ಕುದುರೆಯ ಪ್ಲಾಸ್ಮಾವನ್ನು ನರಕ್ಕೆ ಹಾಕಬೇಕು. ಅದಕ್ಕೆ ತಾಲ್ಲೂಕಿನ ವೈದ್ಯರು ದೊಡ್ಡ ಆಸ್ಪತ್ರೆಯನ್ನೋ ಬೀದರಿನ ಪಶುವೈದ್ಯಕೀಯ ಕಾಲೇಜನ್ನೋ ಸಂಪರ್ಕಿಸಬೇಕಾಗಬಹುದು. ದೇವದುರ್ಗದಿಂದ ಆ ದಾರಿ ದೂರದ್ದು, ತಡಮಾಡುವ ಹಾಗಿಲ್ಲ.

ಹೆಚ್ಚಾದದ್ದನ್ನು ಕೂಡಿಡುವುದು

1520ರಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನೂ ಇಸ್ಮಾಯಿಲ್ ಆದಿಲ್ ಶಾಹನೂ ಕಾದಾಡಿದಾಗ ಈ ನೆಲದ ಮೇಲೆ ಸಾವಿರಾರು ಕುದುರೆಗಳಿದ್ದವು. ವಿಜಯನಗರದ ಅರಸು ಹೋರ್ಮುಜ್ ಕಡೆಯಿಂದ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅರಸರಿಗೆ ಮರಿ ಸತ್ತರೆ ಇನ್ನೊಂದು ಹಡಗು ಬರುತ್ತಿತ್ತು. ನಮಗೆ ಬರುವುದಿಲ್ಲವಾದ್ದರಿಂದ ಒಂದು ಕುದುರೆಯ ಹೆಚ್ಚುವರಿ ಗಿಣ್ಣ ಇನ್ನೊಂದರ ಮರಿಗೆ ಸಿಗುವ ವ್ಯವಸ್ಥೆ ಬೇಕು.

ಅಂಕಿ 23ಕ್ಕೆ ಮೇಲೆ ಬಂದು, ಸ್ವಂತ ಮರಿ ಚೆನ್ನಾಗಿ ಕುಡಿದ ಮೇಲೆ, ದೊಡ್ಡ ಕುದುರೆಯಿಂದ 200-250 ಮಿಲಿ, ತಟ್ಟಿನಿಂದ ಅದರ ಅರ್ಧ ಕರೆದಿಟ್ಟುಕೊಳ್ಳಬಹುದು. ಹಿಂದಿನ ಮರಿಗೆ ಹಳದಿ ರೋಗ ಬಂದಿದ್ದ ಕುದುರೆಯಿಂದ ಬೇಡ. ತೆಳು ಬಟ್ಟೆಯಲ್ಲಿ ಸೋಸಿ ಸಣ್ಣ ಬಾಟಲಿಗಳಲ್ಲಿ ತುಂಬಿ ಮೈನಸ್ 20 ಡಿಗ್ರಿಯಲ್ಲಿ ಇಟ್ಟರೆ ಒಂದು ವರ್ಷ ಧಾರಾಳ ಇರುತ್ತದೆ. ಮನೆಯ ಫ್ರಿಜ್‌ನ ಮೇಲಿನ ಖಾನೆ ಅಷ್ಟು ತಣ್ಣಗಿರುವುದಿಲ್ಲ, ದಿನಕ್ಕೆ ಹತ್ತು ಸಲ ಬಾಗಿಲೂ ತೆರೆಯುತ್ತದೆ. ಪರಿಚಯದ ಐಸ್‌ಕ್ರೀಮ್ ಅಂಗಡಿಯ ಡೀಪ್ ಫ್ರೀಜರ್ ಕೇಳಿ ನೋಡಿ. ಏಪ್ರಿಲ್, ಮೇನಲ್ಲಿ ಕರೆಂಟ್ ಹೋಗಿ ಒಮ್ಮೆ ಕರಗಿದ್ದನ್ನು ಮತ್ತೆ ಗಟ್ಟಿ ಮಾಡಿಡಬಾರದು. ಬೇಕಾದಾಗ ಕೈ ತಾಳುವಷ್ಟು ಬೆಚ್ಚಗಿನ ನೀರಿನಲ್ಲಿ ಬಾಟಲಿ ಇಟ್ಟು ಕರಗಿಸಿ. ಒಲೆಯ ಮೇಲೆ ಇಟ್ಟರೆ ಗಿಣ್ಣವೇ ಆಗುತ್ತದೆ, ಬೆಲ್ಲ ಹಾಕುವುದೊಂದು ಬಾಕಿ.

ಬಾಟಲಿಯ ಮೇಲೆ ತಾರೀಖು, ಬ್ರಿಕ್ಸ್ ಅಂಕಿ, ಯಾವ ಕುದುರೆ ಎಂಬುದನ್ನು ಬರೆಯಿರಿ. ಬಾಲ್‌ಪೆನ್ನಿನ ಬರಹ ಮಂಜಿನ ನೀರಿಗೆ ಅಳಿಸಿಹೋಗುತ್ತದೆ. ಮಾರ್ಕರ್‌ನಲ್ಲಿ ಬರೆದು ಮೇಲೆ ಸೆಲ್ಲೋಟೇಪ್ ಸುತ್ತಿ, ಅಂಗಡಿಯವರಿಗೆ ಇದು ಮಾರುವ ಸಾಮಾನಲ್ಲ ಎಂದು ಎರಡು ಸಲ ಹೇಳಿ ಬನ್ನಿ.